ಪದರಗಳಿಗೆ ನಿರ್ದೇಶಾಂಕ ಪದ್ಧತಿ: ಶಿವಮೊಗ್ಗದ ನಕ್ಷೆಗಳಿಗಾಗಿ ನಾನು ಬರೆದ ಸ್ಕ್ರಿಪ್ಟ್

ಶಿವಮೊಗ್ಗ ಜಿಲ್ಲೆಯ ಕೆರೆ, ತೋಟ ಹಾಗೂ ಕಾಡಂಚಿನ ನಕ್ಷೆಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೂಡಿಸುವಾಗ ನನ್ನ ಕೈಗೆ ಬರುವ ಶೇಪ್‌ಫೈಲ್‌ಗಳಲ್ಲಿ (ನಕ್ಷೆಯ ಆಕೃತಿಗಳನ್ನು ಹೊತ್ತ ಕಡತಗಳಲ್ಲಿ) ಅನೇಕವು ಪಿಆರ್‌ಜೆ ಕಡತವಿಲ್ಲದೆಯೇ ಬರುತ್ತವೆ. ಅಂಕಿಗಳಿರುತ್ತವೆ, ಅವು ಯಾವ ನಿರ್ದೇಶಾಂಕ ಪದ್ಧತಿಗೆ, ಅಂದರೆ ಸ್ಥಳವನ್ನು ಅಂಕಿಗಳಲ್ಲಿ ಹೇಳುವ ಯಾವ ಕ್ರಮಕ್ಕೆ, ಸೇರಿದವೆಂದು ಆ ಪಿಆರ್‌ಜೆ ಕಡತ ಹೇಳಬೇಕಾದ ಗುರುತು ಮಾತ್ರ ಇರುವುದಿಲ್ಲ. ಪ್ರತಿ ಪದರಕ್ಕೂ (ನಕ್ಷೆಯಲ್ಲಿ ಒಂದರ ಮೇಲೊಂದು ಇಡುವ ಇಂಥ ಒಂದೊಂದು ಕಡತಕ್ಕೂ) ಮೆನುವಿನಲ್ಲಿ ಪದ್ಧತಿಯನ್ನು ಹುಡುಕಿ ಆರಿಸುವುದು ಬೇಸರ ತಂದಾಗ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡೆ.

ಗುರುತಿಲ್ಲದ ಪ್ರತಿ ಪದರದ ವ್ಯಾಪ್ತಿಯನ್ನು ಅದು ಓದುತ್ತದೆ. ಎಕ್ಸ್ ಬೆಲೆ 74ರಿಂದ 76ರೊಳಗೆ, ವೈ ಬೆಲೆ 13ರಿಂದ 15ರೊಳಗೆ ಇದ್ದರೆ ಅವು ರೇಖಾಂಶ ಮತ್ತು ಅಕ್ಷಾಂಶಗಳೆಂದು ತಿಳಿದು ಇಪಿಎಸ್‌ಜಿ 4326 ಕೊಡುತ್ತದೆ (ಇಪಿಎಸ್‌ಜಿ ಎಂದರೆ ಪ್ರತಿ ಪದ್ಧತಿಗೂ ಒಂದು ಸಂಖ್ಯೆ ಕೊಟ್ಟಿರುವ ಪಟ್ಟಿ). ಎಕ್ಸ್ 3,90,000ದಿಂದ 6,10,000 ಹಾಗೂ ವೈ 14,30,000ದಿಂದ 16,60,000 ಇದ್ದರೆ 32643, ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯ. ಎಕ್ಸ್ 82ರಿಂದ 85 ಲಕ್ಷದೊಳಗಿದ್ದರೆ ಅಂತರ್ಜಾಲದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್‌ನ 3857. ಎಕ್ಸ್ 14, ವೈ 75 ಎಂದು ಅದಲುಬದಲಾಗಿ ಬಂದ ಜಿಪಿಎಸ್ ಪಟ್ಟಿಗಳನ್ನು ಅದು ತಿದ್ದಲು ಹೋಗದೆ ಪದರದ ಹೆಸರನ್ನಷ್ಟೇ ತೋರಿಸುತ್ತದೆ.

ಇಲ್ಲಿ ಬಳಸುವ ಸೆಟ್‌ಸಿಆರ್‌ಎಸ್ ಆಜ್ಞೆ ಪದರಕ್ಕೆ ಚೀಟಿ ಅಂಟಿಸುತ್ತದೆಯೇ ಹೊರತು ಒಳಗಿನ ಒಂದು ಅಂಕಿಯನ್ನೂ ಬದಲಿಸುವುದಿಲ್ಲ. ಆದ್ದರಿಂದ 3857ರ ಪದರಕ್ಕೆ ನೇರವಾಗಿ 32643 ಎಂದು ಬರೆದರೆ ಅದು ಮಲೆನಾಡನ್ನು ಬಿಟ್ಟು ಎಲ್ಲಿಗೋ ಹೋಗಿ ಕೂರುತ್ತದೆ. ಮೊದಲು ನಿಜವಾದ ಪದ್ಧತಿಯನ್ನು ನಮೂದಿಸಿ, ಆಮೇಲೆ ರೀಪ್ರೊಜೆಕ್ಟ್ ಉಪಕರಣದಿಂದ 32643ಕ್ಕೆ ಪರಿವರ್ತಿಸಿದ ಹೊಸ ಪ್ರತಿಯನ್ನು ಉಳಿಸುವಂತೆ ಸ್ಕ್ರಿಪ್ಟನ್ನು ಹೊಂದಿಸಿದ್ದೇನೆ. ಈ ಎರಡನೆಯ ಹೆಜ್ಜೆಯನ್ನು ಬಿಡಲಾಗದು: ನಮ್ಮ ಅಕ್ಷಾಂಶದಲ್ಲಿ ವೆಬ್ ಮರ್ಕೇಟರ್‌ನ ಸಮತಲದ ಮೇಲೆ ಅಳೆದ ವಿಸ್ತೀರ್ಣ ಸುಮಾರು ಶೇ. 6ರಿಂದ 7ರಷ್ಟು ಹಿಗ್ಗುತ್ತದೆ, ಅಂದರೆ ಒಂದು ಎಕರೆ ಅಡಿಕೆ ತೋಟಕ್ಕೆ ಎರಡು ಗುಂಟೆಗೂ ಮೀರಿದ ಜಾಗ ಪುಕ್ಕಟೆಯಾಗಿ ಸೇರುತ್ತದೆ. ಯುಟಿಎಂನಲ್ಲಿ ಈ ತೊಂದರೆ ನಗಣ್ಯ. 43ನೇ ವಲಯದ ಮಧ್ಯರೇಖೆಯಾದ 75 ಡಿಗ್ರಿ ಪೂರ್ವ ರೇಖಾಂಶವು ಸಾಗರ, ಹೊಸನಗರಗಳಿಗೆ ಸಮೀಪವಾಗಿಯೇ ಹಾದುಹೋಗುವುದರಿಂದ ಅಲ್ಲಿ ಒಂದು ಕಿಲೋಮೀಟರಿಗೆ ಸುಮಾರು 40 ಸೆಂಟಿಮೀಟರ್ ಮಾತ್ರ ಕಡಿಮೆ ಕಾಣುತ್ತದೆ.

ಎವರೆಸ್ಟ್ ಗೋಲಾಭವನ್ನು (ಭೂಮಿಯ ಆಕಾರದ ಒಂದು ಹಳೆಯ ಲೆಕ್ಕವನ್ನು) ಆಧರಿಸಿದ ಹಳೆಯ ಟೋಪೋಶೀಟ್‌ಗಳಿಂದ, ಅಂದರೆ ಸರ್ವೇ ನಕ್ಷೆಗಳಿಂದ, ಗೆರೆ ಎಳೆದ ಪದರಗಳನ್ನು ಮಾತ್ರ ಸ್ಕ್ರಿಪ್ಟಿಗೆ ಒಪ್ಪಿಸುವುದಿಲ್ಲ. ಅವುಗಳ ಡಿಗ್ರಿ ಅಂಕಿಗಳೂ 74 ಮತ್ತು 76ರ ನಡುವೆಯೇ ಇರುವುದರಿಂದ ವ್ಯಾಪ್ತಿಯ ಪರೀಕ್ಷೆಗೆ ವ್ಯತ್ಯಾಸ ತಿಳಿಯದು. ಅಂಥವನ್ನು ಉಪಗ್ರಹ ಚಿತ್ರದ ಮೇಲಿಟ್ಟು, ತುಂಗಾ-ಭದ್ರಾ ಸಂಗಮದ ಕೂಡ್ಲಿಯಲ್ಲಿರುವ ಸಂಗಮೇಶ್ವರ ದೇವಾಲಯದಂತಹ ಕದಲದ ಕಟ್ಟಡಕ್ಕೆ ಹೋಲಿಸಿ ನೋಡಿದ ನಂತರವೇ ಡೇಟಮ್ (ಅಂಕಿಗಳು ಭೂಮಿಯ ಯಾವ ಮಾದರಿಯಿಂದ ಅಳೆದವು ಎಂಬುದನ್ನು) ನಿರ್ಧರಿಸುತ್ತೇನೆ. ನದಿಯ ದಂಡೆಯನ್ನು ಇದಕ್ಕೆ ನಂಬುವುದಿಲ್ಲ. ತುಂಗೆ ಒಂದು ಮಳೆಗಾಲದಲ್ಲಿ ಅದನ್ನು ಬದಲಿಸಬಲ್ಲಳು.