ಎರೊಮಾಂಗೊ ದ್ವೀಪದ ಟೇಪುಗಳು: ದನಿ ಉಳಿಸಿ ಊರಿಗೆ ಮುಟ್ಟಿಸಿದ ನನ್ನ ಅನುಭವ

ಹಳೇ ರೀಲ್ ಟೇಪು ಕೈಗೆ ಬಂದರೆ ನಾನು ಮೊದಲು ಅದನ್ನು ಮೂಸಿ ನೋಡುತ್ತೇನೆ. ವಿನೆಗರ್ ವಾಸನೆ ಹೊಡೆದರೆ ಅದು ಅಸಿಟೇಟ್ ಎಂಬ ಹಳೇ ಬಗೆಯ ಪ್ಲಾಸ್ಟಿಕ್ಕಿನ ಟೇಪು, ಕೆಡಲು ಶುರುವಾಗಿದೆ ಎಂದರ್ಥ. ಆಮೇಲೆ ಬೆಳಕಿಗೆ ಹಿಡಿಯುತ್ತೇನೆ. ಸುತ್ತಿದ ರೀಲಿನೊಳಗಿಂದ ಬೆಳಕು ಹಾದು ಬಂದರೆ ಸಾಮಾನ್ಯವಾಗಿ ಅಸಿಟೇಟ್, ಬರದಿದ್ದರೆ ಪಾಲಿಯೆಸ್ಟರ್. ಇದು ಖಾತ್ರಿಯಾಗದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ.

ನಾನು ಭಾಷಾಶಾಸ್ತ್ರ ಓದಿದವನಲ್ಲ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಸೌಂಡ್ ರೆಕಾರ್ಡಿಂಗ್ ಮಾಡಿಕೊಂಡಿದ್ದು, ಆಮೇಲೆ ಮೆಲ್ಬರ್ನ್‌ಗೆ ಬಂದವನು. ತೀರಿಕೊಂಡ ಸಂಶೋಧಕರೊಬ್ಬರ ಮನೆಯವರು ಗ್ಯಾರೇಜಿನಲ್ಲಿದ್ದ ಟೇಪುಗಳನ್ನು ಏನು ಮಾಡುವುದು ಎಂದು ಕೇಳುತ್ತಿದ್ದರು. ಪರಿಚಯದವರು ನನ್ನ ಹೆಸರು ಹೇಳಿದರು. ಅವೆಲ್ಲ ಪೆಸಿಫಿಕ್ ಸಾಗರದ ವನುವಾಟು ದೇಶದ ಎರೊಮಾಂಗೊ ದ್ವೀಪದಲ್ಲಿ ಮಾಡಿದ ರೆಕಾರ್ಡಿಂಗುಗಳು. ಕಥೆ, ಹಾಡು, ಮಾತುಕತೆ.

ವನುವಾಟುವಿನಲ್ಲಿ 2020ರ ಜನಗಣತಿಯ ಪ್ರಕಾರ ಸುಮಾರು 3 ಲಕ್ಷ ಜನ. ಸ್ಥಳೀಯ ಭಾಷೆಗಳು 130ಕ್ಕೂ ಜಾಸ್ತಿ. ಎಲ್ಲವೂ ಪೆಸಿಫಿಕ್ ದ್ವೀಪಗಳ ಓಷಿಯಾನಿಕ್ ಎಂಬ ಭಾಷಾ ಗುಂಪಿಗೆ ಸೇರಿದವು. ಬೇರೆ ಬೇರೆ ಊರಿನವರು ಒಬ್ಬರೊಡನೊಬ್ಬರು ಮಾತಾಡಲು ಬಿಸ್ಲಾಮಾ ಎಂಬ ಭಾಷೆ ಇದೆ, ಶಾಲೆಗೆ ಇಂಗ್ಲಿಷ್ ಮತ್ತು ಫ್ರೆಂಚ್. ಇಷ್ಟು ಭಾಷೆಗಳಿರುವ ಕಡೆ ಪ್ರತಿಯೊಂದಕ್ಕೂ ಸಿಗುವ ಬಾಯಿಗಳು ಕಡಿಮೆಯೇ. ಆದರೆ ಎರೊಮಾಂಗೊದ ಕಥೆ ಬರೀ ಸಣ್ಣ ಸಂಖ್ಯೆಯದಲ್ಲ. ಅಲ್ಲಿ ಜನರನ್ನೇ ಕಳೆದುಕೊಂಡ ಇತಿಹಾಸವಿದೆ, ಮತ್ತು ಅದರಲ್ಲಿ ಶ್ರೀಗಂಧದ ಪಾತ್ರವಿದೆ. ನಮ್ಮ ಮೈಸೂರಿನ ಗಂಧದ ಕುಲದ್ದೇ ಇನ್ನೊಂದು ಜಾತಿಯ ಮರ ಆ ದ್ವೀಪದಲ್ಲಿ ಬೆಳೆಯುತ್ತದೆ. 1825ರಲ್ಲಿ ಪೀಟರ್ ಡಿಲ್ಲನ್ ಎಂಬ ಹಡಗಿನ ವ್ಯಾಪಾರಿ ಅದನ್ನು ಕಂಡ. ಚೀನಾದಲ್ಲಿ ಗಂಧಕ್ಕೆ ಒಳ್ಳೇ ಬೆಲೆ ಇತ್ತು. ಹಡಗುಗಳು ಸಾಲಾಗಿ ಬಂದವು. ಜೊತೆಗೆ ಹೊಡೆದಾಟ ಬಂತು, ರೋಗಗಳೂ ಬಂದವು. 1861ರ ದಡಾರ ಊರಿಗೆ ಊರನ್ನೇ ಖಾಲಿ ಮಾಡಿತು. 1930ರ ದಶಕದ ಹೊತ್ತಿಗೆ ಇಡೀ ದ್ವೀಪದಲ್ಲಿ ಉಳಿದವರು ಕೆಲವೇ ನೂರು ಜನ.

ಭಾಷೆಗಳೂ ಹಾಗೇ ಕರಗಿದವು. ಉತಾಹಾ ಹೋಯಿತು. ಉರಾ ಭಾಷೆಯನ್ನು ಆಡಬಲ್ಲ ಬೆರಳೆಣಿಕೆಯ ಹಿರಿಯರನ್ನು 1990ರ ದಶಕದಲ್ಲಿ ಹುಡುಕಿ, ಅವರ ಜೊತೆ ಕೂತು ವ್ಯಾಕರಣ ಬರೆದವರು ಭಾಷಾಶಾಸ್ತ್ರಜ್ಞ ಟೆರ್ರಿ ಕ್ರೌಲಿ. ಉಳಿದವರ ಮಾತುಗಳು ಸೇರಿ ಬೆಳೆದ ಸಿಯೆ ಭಾಷೆಯೇ ಈಗ ದ್ವೀಪದ ಮಾತು. ಒಂದೆರಡು ಸಾವಿರ ಜನ ಆಡುತ್ತಾರೆ, ಮಕ್ಕಳೂ ಕಲಿಯುತ್ತಾರೆ. ನನಗೆ ಸಿಕ್ಕ ಟೇಪುಗಳಲ್ಲಿ ಇದ್ದದ್ದು ಹೆಚ್ಚಾಗಿ ಸಿಯೆ.

ಕೆಲಸ ಶುರುವಾಗಿದ್ದು ಬೂಷ್ಟಿನಿಂದ. ಮಾಸ್ಕ್ ಹಾಕಿಕೊಂಡು, ಗಾಳಿ ಹೊರಗೆ ಎಳೆಯುವ ಫ್ಯಾನಿನ ಕೆಳಗೆ, ಮೆತ್ತನೆ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಬೇಕು. ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಇನ್ನೊಂದು ತೊಂದರೆ ಇರುತ್ತದೆ. ಕಾಂತೀಯ ಪುಡಿಯನ್ನು ಹಿಡಿದಿಟ್ಟಿರುವ ಅಂಟು ತೇವ ಹೀರಿಕೊಂಡು ಜಿಗುಟಾಗಿರುತ್ತದೆ. ಹಾಗೇ ಓಡಿಸಿದರೆ ಟೇಪು ಕಿರುಗುಟ್ಟುತ್ತದೆ, ಪುಡಿ ಮೆಷಿನ್ನಿನ ಹೆಡ್ಡಿಗೆ ಮೆತ್ತುತ್ತದೆ. ಆ ಪುಡಿಯೇ ದನಿ, ಅದು ಉದುರಿದರೆ ಮತ್ತೆ ಸಿಗುವುದಿಲ್ಲ. ಇಂಥ ಟೇಪನ್ನು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬಿಸಿಯಲ್ಲಿಟ್ಟು, ಆರಿದ ಮೇಲೆ ಕೆಲವು ವಾರಗಳೊಳಗೆ ನಕಲು ಮಾಡಿಕೊಳ್ಳಬೇಕು. ಅಡುಗೆಮನೆಯ ಓವನ್ ಇದಕ್ಕೆ ಆಗದು, ಶಾಖ ಒಂದೇ ಸಮ ಇರಬೇಕು. ಅಸಿಟೇಟ್ ಟೇಪನ್ನಂತೂ ಬಿಸಿ ಮಾಡಲೇಬಾರದು. ಮೊದಲೇ ಮೂಸಿ ನೋಡುವುದು ಇದಕ್ಕೇ.

ಆಮೇಲೆ ವೇಗ. ರೀಲ್ ಟೇಪಿನ ಕಾಲದಲ್ಲಿ ಊರೂರು ಸುತ್ತುವ ಸಂಶೋಧಕರು ಉಹೆರ್ ಕಂಪನಿಯ ಹೆಗಲಿಗೆ ಹಾಕಿಕೊಳ್ಳುವ ರೆಕಾರ್ಡರ್ ಜಾಸ್ತಿ ಬಳಸುತ್ತಿದ್ದರು. ಅದಕ್ಕೆ ನಾಲ್ಕು ವೇಗ. ಟೇಪು ದುಬಾರಿ, ಸಾಗಿಸುವುದೂ ಕಷ್ಟ. ಹಾಗಾಗಿ ಒಂದೇ ರೀಲಿನಲ್ಲಿ ಮಧ್ಯೆ ವೇಗ ಇಳಿಸಿರುವುದು ಸಾಮಾನ್ಯ. ಅದಕ್ಕಿಂತ ತಲೆನೋವು ಬ್ಯಾಟರಿಯದ್ದು. ಬ್ಯಾಟರಿ ಇಳಿಯುತ್ತಾ ಬಂದಂತೆ ಮೆಷಿನ್ ನಿಧಾನವಾಗುತ್ತದೆ. ಈಗ ನಾವು ಸರಿಯಾದ ವೇಗದಲ್ಲಿ ಕೇಳಿದರೆ ಅಜ್ಜನ ದನಿ ಬರಬರುತ್ತಾ ತೆಳುವಾಗಿ ಓಡತೊಡಗುತ್ತದೆ. ಪಟ್ಟಣದ ರೆಕಾರ್ಡಿಂಗಾದರೆ ಹಿನ್ನೆಲೆಯಲ್ಲಿ ಕರೆಂಟಿನ ಗುಂಯ್ ಸದ್ದು ಸೇರಿಕೊಂಡಿರುತ್ತದೆ, ಅದನ್ನು ಕರೆಂಟಿನ ಕಂಪನವಾದ 50 ಹರ್ಟ್ಸ್‌ಗೆ ಕೂರಿಸಿದರೆ ವೇಗ ಸರಿಹೋಗುತ್ತದೆ. ಕರೆಂಟೇ ಇಲ್ಲದ ಊರಲ್ಲಿ ಆ ಸದ್ದು ಎಲ್ಲಿಂದ ಬರಬೇಕು? ಅದೇ ವ್ಯಕ್ತಿ ರೀಲಿನ ಶುರುವಿನಲ್ಲಿ ಆಡಿದ ದನಿಯನ್ನು ಅಳತೆಗೋಲು ಮಾಡಿಕೊಂಡು, ಕಿವಿಯಿಂದಲೇ ಹೊಂದಿಸಿದೆ. ತಿದ್ದಿದ್ದು ಪ್ರತ್ಯೇಕ ನಕಲಿನಲ್ಲಿ ಮಾತ್ರ. ಮೂಲ ಫೈಲಿನಲ್ಲಿ ಗೊರಗೊರ ಸದ್ದನ್ನೂ ತೆಗೆದಿಲ್ಲ. ನಾಳೆ ಇನ್ನೂ ಒಳ್ಳೆಯ ಉಪಕರಣ ಬಂದಾಗ ಆಗ ಕೆಲಸ ಮಾಡುವವರಿಗೆ ಪೂರ್ತಿ ದನಿ ಸಿಗಬೇಕು.

ಮೂಲ ಫೈಲಿಗೆ 96 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟ ಇಟ್ಟುಕೊಂಡೆ. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳು ಸೇರಿ 2003ರಲ್ಲಿ ಕಟ್ಟಿದ ಪ್ಯಾರಡಿಸೆಕ್ ಎಂಬ ದನಿಮುದ್ರಣಗಳ ಸಂಗ್ರಹ ಪಾಲಿಸುವ ಮಟ್ಟ ಅದು. ಈ ಕೆಲಸ ಕಲಿಯುವವರು ಅವರ ಪದ್ಧತಿಗಳನ್ನು ಓದಲೇಬೇಕು. ಒಂದು ಗಂಟೆಯ ಮೋನೋ ದನಿಗೆ ಸುಮಾರು 1 ಜಿಬಿ ಆಗುತ್ತದೆ. ಜೊತೆಗೆ ಫೋನಿಗೆ ಹಿಡಿಸುವ ಎಂಪಿ3 ನಕಲು.

ಇಲ್ಲಿಗೆ ಮುಗಿಯಿತು ಅಂತ ಎಷ್ಟೋ ಜನ ನಿಲ್ಲಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅಸಲಿ ಕೆಲಸ ಶುರುವಾಗುವುದೇ ಇಲ್ಲಿಂದ. ಡಬ್ಬಿಯ ಮೇಲೆ "ಮುದುಕ, ಕಥೆ, ಪೊಟ್ನಾರ್ವಿನ್" (ಆ ದ್ವೀಪದ ಒಂದು ಊರು) ಅಂತ ಮೂರು ಪದ ಗೀಚಿದ್ದರೆ ಸಂಶೋಧಕರಿಗೆ ಸಾಕಾಗಬಹುದು. ಆ ಮುದುಕರ ಮೊಮ್ಮಕ್ಕಳಿಗೆ ಸಾಕಾಗುವುದಿಲ್ಲ. ಅವರು ಹುಡುಕುವುದು ಹೆಸರನ್ನು. ಹೆಸರಿಲ್ಲದ ದನಿ ಎಷ್ಟು ಸ್ಪಷ್ಟವಾಗಿದ್ದರೂ ಅದರ ಮನೆಯವರಿಗೆ ಸಿಕ್ಕುವುದಿಲ್ಲ.

ಹಾಗಾಗಿ ರೆಕಾರ್ಡಿಂಗುಗಳನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ರಾಜಧಾನಿ ಪೋರ್ಟ್ ವಿಲಾಗೆ ಹೋದೆ. ಎರೊಮಾಂಗೊದ ಬಹಳ ಕುಟುಂಬಗಳು ಕೆಲಸಕ್ಕಾಗಿ ಅಲ್ಲಿವೆ. ಆ "ಮುದುಕ"ರ ಕಥೆ ಹಾಕಿದಾಗ ಯಾರಿಗೂ ದನಿ ಗುರುತು ಸಿಗಲಿಲ್ಲ. ಆದರೆ ಕಥೆಯ ಶುರುವಿನಲ್ಲಿ ಅವರು ಒಂದು ಹಳ್ಳದ ಹೆಸರು ಹೇಳುತ್ತಾರೆ. ಅದನ್ನು ಕೇಳಿದ್ದೇ ಹಿರಿಯರೊಬ್ಬರು "ಇನ್ನೊಂದು ಸಲ ಹಾಕಪ್ಪ" ಎಂದರು. ಆ ಹಳ್ಳದ ಕಥೆ ಹೇಳುವ ಹಕ್ಕು ಇರುವುದು ಒಂದೇ ಕುಟುಂಬಕ್ಕಂತೆ. ಆ ಕುಟುಂಬದಲ್ಲಿ, ಆ ಕಾಲಕ್ಕೆ ವಯಸ್ಸಾಗಿದ್ದವರು ಇಬ್ಬರು ಅಣ್ಣತಮ್ಮಂದಿರು. ಅಣ್ಣ ಮಾತು ಮುಗಿಸುವಾಗ ಕೆಮ್ಮುತ್ತಿದ್ದರು ಎಂದು ಒಬ್ಬ ಹೆಂಗಸು ನೆನಪಿಸಿಕೊಂಡರು. ಟೇಪಿನಲ್ಲಿ ಕೆಮ್ಮು ಇತ್ತು. ಕ್ಯಾಟಲಾಗಿನಲ್ಲಿ ಹೆಸರು ಸೇರಿತು.

ಇದೇ ಕಾರಣಕ್ಕೆ ಎಚ್ಚರವೂ ಬೇಕು. 1980ರಲ್ಲಿ ಸ್ವತಂತ್ರವಾದಾಗ ವನುವಾಟು ತನ್ನ ಸಂವಿಧಾನದಲ್ಲೇ ಎಲ್ಲ ಭೂಮಿ ಅದರ ಸಾಂಪ್ರದಾಯಿಕ ಒಡೆಯರದ್ದು ಎಂದು ಬರೆಯಿತು. ಒಡೆತನಕ್ಕೆ ಪೂರ್ವಿಕರ ಕಥೆಗಳೂ ಸಾಕ್ಷಿ. ಯಾವುದೋ ಹಳೇ ರೆಕಾರ್ಡಿಂಗನ್ನು ಸುಮ್ನೆ ಎಲ್ಲರಿಗೂ ತೆರೆದಿಟ್ಟರೆ ಎರಡು ಮನೆಗಳ ನಡುವೆ ಜಮೀನು ಜಗಳ ಹೊತ್ತಿಕೊಳ್ಳಬಹುದು. ಕುಟುಂಬದವರು ಬೇಡ ಎಂದ ಫೈಲುಗಳಿಗೆ ಬೀಗ ಹಾಕಿದೆವು. ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕು ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ಇಲ್ಲಿ ನಾನು ಅವರ ಮಾತು ಒಪ್ಪುವುದಿಲ್ಲ.

ಬರಹಕ್ಕಿಳಿಸುವುದು ತುಂಬಾ ನಿಧಾನದ ಕೆಲಸ. ಇಲಾನ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ದನಿಯ ಪ್ರತಿ ತುಣುಕಿನ ಕೆಳಗೆ ಸಾಲು ಟೈಪ್ ಮಾಡಬಹುದು. ಸಿಯೆ ಮಾತಾಡುವ ಇಬ್ಬರು ಯುವಕರು ಅದನ್ನು ಬೇಗ ಕಲಿತರು. ಅವರ ಜೊತೆ ಕೂತಾಗ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಕಥೆಯಲ್ಲಿ ಒಬ್ಬನೇ ಒಂದರ ಹಿಂದೆ ಒಂದು ಕೆಲಸ ಮಾಡುತ್ತಾ ಹೋದರೆ, ಮುಂದಿನ ಕ್ರಿಯಾಪದಗಳಿಗೆ ಕರ್ತೃವನ್ನು ಮತ್ತೆ ಹೇಳದೆ "ಅವನೇ" ಎಂದು ತಿಳಿಸುವ ಒಂದು ಪುಟ್ಟ ಗುರುತು ಹತ್ತುತ್ತದೆ. ನಾವು "ಹೋಗಿ, ಕಡಿದು, ಹೊತ್ತು ತಂದ" ಎನ್ನುವಾಗ ಮಾಡುವ ಕೆಲಸವೇ ಹೆಚ್ಚುಕಡಿಮೆ. ಆ ಜಾಡು ಸಿಕ್ಕ ಮೇಲೆ, ಭಾಷೆ ಬಾರದ ನನಗೂ ಕಥೆಯಲ್ಲಿ ಪಾತ್ರ ಬದಲಾಗುವ ಜಾಗ ಕಿವಿಗೆ ಬೀಳತೊಡಗಿತು.

ಊರಿಗೆ ಮುಟ್ಟಿಸಲು ದುಬಾರಿ ವ್ಯವಸ್ಥೆ ಏನೂ ಬೇಕಾಗಲಿಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಫೈಲು ತುಂಬಿ, ಅದನ್ನೇ ವೈಫೈ ಮಾಡಿದೆವು. ಇಂಟರ್‌ನೆಟ್ ಇಲ್ಲದಿದ್ದರೂ ಹತ್ತಿರ ಕೂತವರ ಫೋನಿನಲ್ಲಿ ಪಟ್ಟಿ ತೆರೆದುಕೊಳ್ಳುತ್ತದೆ. ಅದಕ್ಕಿಂತಲೂ ಬೇಗ ಹರಡಿದ್ದು ಮೆಮೊರಿ ಕಾರ್ಡಿನಿಂದ, ಫೋನಿಂದ ಫೋನಿಗೆ. ಒಂದು ನಕಲು ಪೋರ್ಟ್ ವಿಲಾದಲ್ಲಿ, ಒಂದು ಆಸ್ಟ್ರೇಲಿಯಾದಲ್ಲಿ ಇಟ್ಟೆವು. 2015ರ ಪ್ಯಾಮ್ ಚಂಡಮಾರುತ, 2024ರ ಡಿಸೆಂಬರಿನ ಭೂಕಂಪ ಎರಡನ್ನೂ ಕಂಡ ದೇಶದಲ್ಲಿ ಒಂದೇ ಕಡೆ ಇಡುವುದು ಸರಿಯಲ್ಲ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿಯಲ್ಲಿರುವ ಕನ್ನಡಿಗರಲ್ಲಿ ಒಂದು ಕೇಳಿಕೆ. ನಿಮ್ಮ ನೆರೆಯವರ, ಸಹೋದ್ಯೋಗಿಗಳ ಮನೆಯಲ್ಲಿ ಇಂಥ ರೀಲುಗಳಿದ್ದರೆ ಓಡಿಸಿ ನೋಡಲು ಹೋಗಬೇಡಿ. ತಂಪಾದ, ತೇವವಿಲ್ಲದ ಜಾಗದಲ್ಲಿ ಇಡಿ. ಡಬ್ಬಿಯ ಎಲ್ಲ ಮಗ್ಗುಲ ಫೋಟೋ ತೆಗೆಯಿರಿ, ಒಳಗಿನ ಚೀಟಿಯನ್ನೂ ಸೇರಿಸಿ. ಪ್ಯಾರಡಿಸೆಕ್‌ನಂಥ ಸಂಗ್ರಹಕ್ಕೆ ಬರೆಯಿರಿ.

ನನ್ನ ಬಳಿ ಇನ್ನೂ ಕೆಲವು ರೀಲುಗಳಿಗೆ ಹೆಸರು ಸಿಕ್ಕಿಲ್ಲ. ಅವುಗಳ ಮೊದಲ ಕೆಲವು ನಿಮಿಷಗಳನ್ನು ಕತ್ತರಿಸಿ ಎರೊಮಾಂಗೊದ ಡಿಲ್ಲನ್ಸ್ ಬೇ ಕಡೆಯ ಹಿರಿಯರಿಗೆ ಮೆಮೊರಿ ಕಾರ್ಡಿನಲ್ಲಿ ಕಳಿಸಿದ್ದೇನೆ. ಉತ್ತರ ಬಂದ ಹಾಗೆ ಕ್ಯಾಟಲಾಗಿಗೆ ಸೇರಿಸುತ್ತಾ ಹೋಗುತ್ತೇನೆ.