ಪೊಟ್ಯಾಸಿಯಂ ಚಾನೆಲ್ ಮಾದರಿ: ರಟ್ಟು, ಸ್ಪಂಜು, ಇಪ್ಪತ್ತು ಉಂಡೆ

ಸೋಡಿಯಂ ಅಯಾನಿನ (ವಿದ್ಯುದಾವೇಶ ಹೊತ್ತ ಪರಮಾಣುವಿನ) ವ್ಯಾಸ 1.9 ಆ್ಯಂಗ್‌ಸ್ಟ್ರಾಂ, ಪೊಟ್ಯಾಸಿಯಂನದು 2.7. ಆ್ಯಂಗ್‌ಸ್ಟ್ರಾಂ ಎಂದರೆ ಸೆಂ.ಮೀ.ನ ಹತ್ತು ಕೋಟಿಯಲ್ಲೊಂದು ಪಾಲು. ಆದರೂ ಜೀವಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ಚಾನೆಲ್ ಎಂಬ ಪ್ರೋಟೀನ್ ಕೊಳವೆ ದೊಡ್ಡದನ್ನು ದಾಟಿಸಿ ಚಿಕ್ಕದನ್ನು ತಡೆಯುತ್ತದೆ. ಪೊಟ್ಯಾಸಿಯಂಗೆ ದಾರಿ ಕನಿಷ್ಠ 10,000 ಪಟ್ಟು ಸಲೀಸು. ಜರಡಿಯ ಲೆಕ್ಕ ಇಲ್ಲಿ ನಡೆಯದು. 1998ರಲ್ಲಿ ಅಮೆರಿಕದ ವಿಜ್ಞಾನಿ ರಾಡ್ರಿಕ್ ಮ್ಯಾಕಿನನ್ ತಂಡ ಬ್ಯಾಕ್ಟೀರಿಯಾವೊಂದರ ಕೆಸಿಎಸ್‌ಎ ಚಾನೆಲ್‌ನ ರಚನೆಯನ್ನು ಎಕ್ಸ್‌ರೇಯಿಂದ ಬಿಡಿಸಿದಾಗ ಇದರ ಗುಟ್ಟು ಕಣ್ಣಿಗೆ ಬಿತ್ತು. ವಿಜ್ಞಾನ ಪ್ರದರ್ಶನಕ್ಕೆ ಅದನ್ನೇ ಕಟ್ಟಬಹುದು. ಅಳತೆ: 1 ಆ್ಯಂಗ್‌ಸ್ಟ್ರಾಂಗೆ 1 ಸೆಂ.ಮೀ.

ಮೊದಲು ಸೋಸುಗ, ಅಂದರೆ ಅಯಾನುಗಳನ್ನು ಆರಿಸಿ ಬಿಡುವ ಚಾನೆಲ್‌ನ ಇಕ್ಕಟ್ಟಾದ ಭಾಗ. ಒಣಗುವ ಹಗುರ ಕ್ಲೇಯಲ್ಲಿ 2.8 ಸೆಂ.ಮೀ. ವ್ಯಾಸದ 20 ಉಂಡೆ ಮಾಡಿ, ವರ್ನಿಯರ್‌ನಲ್ಲಿ ಅಳೆಯಿರಿ. ಇವು ಆಮ್ಲಜನಕದ ಪರಮಾಣುಗಳು. 1 ಸೆಂ.ಮೀ. ದಪ್ಪ, 15 ಸೆಂ.ಮೀ. ಉದ್ದದ ನಾಲ್ಕು ಸ್ಪಂಜು ಪಟ್ಟಿಗಳ ಮೇಲೆ ಐದೈದು ಉಂಡೆ ಅಂಟಿಸಿ. ನಡುವಿನಿಂದ ನಡುವಿಗೆ 3 ಸೆಂ.ಮೀ. ಒಂದೊಂದು ಪಟ್ಟಿಯೂ ಚಾನೆಲ್‌ನ ಒಂದೊಂದು ಪ್ರೋಟೀನ್ ಘಟಕ. ಒಳಅಳತೆ 9.5 ಸೆಂ.ಮೀ. ಇರುವ ಚೌಕ ರಟ್ಟಿನ ಕೊಳವೆಯ ನಾಲ್ಕು ಗೋಡೆಗಳ ಮಧ್ಯಕ್ಕೆ ಪಟ್ಟಿಗಳನ್ನು ಉಂಡೆ ಒಳಮುಖವಾಗಿರುವಂತೆ ಕೂರಿಸಿ. ಎದುರುಬದುರು ಉಂಡೆಗಳ ಕೇಂದ್ರಗಳ ನಡುವೆ 4.7 ಸೆಂ.ಮೀ. ಬರಲೇಬೇಕು.

ಎಡವಟ್ಟಾಗುವುದು ಇಲ್ಲಿಯೇ. ಅದೇ 4.7 ಸೆಂ.ಮೀ. ಇಟ್ಟುಕೊಂಡು, ಸ್ಪಂಜಿಲ್ಲದೆ ಉಂಡೆಗಳನ್ನು ನೇರವಾಗಿ ರಟ್ಟಿಗೆ ಅಂಟಿಸಿದರೆ ಪೊಟ್ಯಾಸಿಯಂ ಅಯಾನಿನ ಬದಲು ಬಳಸುವ 2.7 ಸೆಂ.ಮೀ. ಗೋಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಕೊಳವೆ ಅಗಲಿಸಲು ಹೋಗಬೇಡಿ, ಮಾದರಿಯ ಅರ್ಥವೇ ಕೆಡುತ್ತದೆ. ನಿಜವಾದ ಸೋಸುಗವೂ ಸದಾ ಮಿಡುಕುತ್ತಿರುತ್ತದೆ. ಸ್ಪಂಜು ಇರುವುದು ಅದಕ್ಕೇ.

ಈಗ ಎರಡು ಸಾಲುಗಳ ನಡುವಿನ ತಾಣದಲ್ಲಿ ಪೊಟ್ಯಾಸಿಯಂ ಗೋಲಿ ಇಟ್ಟು ನೋಡಿ: ಮೇಲಿನ ನಾಲ್ಕು, ಕೆಳಗಿನ ನಾಲ್ಕು, ಎಂಟೂ ಉಂಡೆಗಳು ಅದನ್ನು ಮುಟ್ಟುವಷ್ಟು ಹತ್ತಿರ. ನೀರಿನಲ್ಲಿದ್ದಾಗ ಸುತ್ತಲಿದ್ದ ಆಮ್ಲಜನಕಗಳ ಜಾಗವನ್ನು ಇವು ತುಂಬಿಕೊಡುತ್ತವೆ, ಹಾಗಾಗಿ ನೀರು ಕಳಚಿ ಬರಲು ಅದಕ್ಕೆ ನಷ್ಟವಿಲ್ಲ. 1.9ರ ಸೋಡಿಯಂ ಗೋಲಿಯನ್ನು ದಾರಕ್ಕೆ ಕಟ್ಟಿ ಅದೇ ತಾಣದ ನಡುವೆ ಹಿಡಿಯಿರಿ. ಸುತ್ತಲೂ ಸುಮಾರು ನಾಲ್ಕೂವರೆ ಮಿಲಿಮೀಟರ್ ಖಾಲಿ! ಸೋಡಿಯಂ ಬಿಗಿಯಾಗಿ ಹಿಡಿದ ನೀರನ್ನು ಬಿಟ್ಟುಬಂದರೆ ಇಲ್ಲಿ ಆಸರೆ ಸಿಗುವುದಿಲ್ಲ, ಆದ್ದರಿಂದ ಅದು ಹೊರಗೇ ಉಳಿಯುತ್ತದೆ. ಮಾದರಿಯಲ್ಲಿ ಗೋಲಿ ತೂತಿನಿಂದ ಜಾರಿ ಬೀಳಬಹುದು. ನೋಡುವವರಿಗೆ ತೋರಿಸಬೇಕಾದ್ದು ತೂತನ್ನಲ್ಲ, ಈ ಖಾಲಿ ಜಾಗವನ್ನು.

ಸೋಸುಗದ ಕೆಳಗೆ, ಎರಡೂ ಬದಿ ತೆರೆದ, 10 ಸೆಂ.ಮೀ. ಅಗಲದ ಡಬ್ಬಿ: ನೀರು ತುಂಬಿದ ಕುಹರ. ಅದರ ಕೆಳಗೆ 20 ಸೆಂ.ಮೀ.ನ ನಾಲ್ಕು ಬಿದಿರು ಕಡ್ಡಿ, ತುದಿಗೆ ರಬ್ಬರ್ ಬ್ಯಾಂಡ್. ಇದು ಬಾಗಿಲು, ಜೀವಕೋಶದ ಒಳಬದಿ. ಕೆಸಿಎಸ್‌ಎಯಲ್ಲಿ ಒಳಗಿನ ಆಮ್ಲೀಯತೆ ಇದನ್ನು ತೆರೆಯುತ್ತದೆ, ನರಕೋಶದ ಹಲವು ಚಾನೆಲ್‌ಗಳಲ್ಲಿ ವೋಲ್ಟೇಜು.

ಕೊನೆಗೆ ಓಡಿಸಿ ತೋರಿಸಿ. ಸೋಸುಗದ ನಾಲ್ಕು ತಾಣಗಳಲ್ಲಿ ಮೇಲಿನಿಂದ ಪೊಟ್ಯಾಸಿಯಂ, ನೀರು, ಪೊಟ್ಯಾಸಿಯಂ, ನೀರು ಎಂದು ಗೋಲಿ ಕೂರಿಸಿ, ನೀರಿಗೆ 2.8 ಸೆಂ.ಮೀ.ನ ಬಿಳಿ ಉಂಡೆ. ಬಾಗಿಲ ಕಡೆಯಿಂದ ಇನ್ನೊಂದು ಪೊಟ್ಯಾಸಿಯಂ ತಳ್ಳಿದರೆ ತುದಿಯದು ಹೊರಬೀಳುತ್ತದೆ. ಜೀವಕೋಶದಲ್ಲಿ ಹೀಗೆ ಸೆಕೆಂಡಿಗೆ 10 ಕೋಟಿಯ ಆಸುಪಾಸು ಅಯಾನುಗಳು ಒಂದೇ ಚಾನೆಲ್‌ನಿಂದ ಹಾಯಬಲ್ಲವು.