ಮೇಳಘಾಟ್‌ಗೆ ಹೋಗುವ ಮೊದಲು ಕುಕ್ಕರಹಳ್ಳಿ ಏರಿಯಲ್ಲಿ

ಫಾರೆಸ್ಟ್ ಔಲೆಟ್ ಎಂಬ ಗಿಡ್ಡ ಗೂಬೆಯನ್ನು ನೋಡಲು ಮಧ್ಯಭಾರತಕ್ಕೇ ಹೋಗಬೇಕು; ನಾನು ಹೋದದ್ದು ಮಹಾರಾಷ್ಟ್ರದ ಮೇಳಘಾಟ್ ಕಾಡಿಗೆ. ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿ ಅದಿಲ್ಲ. ಆದರೂ ಅದನ್ನು ಗುರುತಿಸುವ ಅಭ್ಯಾಸ ನನಗೆ ಆದದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಅದನ್ನೇ ಹೋಲುವ ಗಿಡ್ಡ ಗೂಬೆಗಳಾದ ಹಾಲಕ್ಕಿಗಳನ್ನು ನೋಡಿ. ಬುಡುಬುಡಿಕೆಯವರಿಗೆ ಭವಿಷ್ಯ ಹೇಳುವ ಇದೇ ಹಾಲಕ್ಕಿ ನನಗೆ ಪಾಠ ಹೇಳಿತು.

ಕ್ಯಾಮೆರಾ ಮನೆಯಲ್ಲಿ ಬಿಟ್ಟು, ದುರ್ಬೀನು ಮತ್ತು ಪೆನ್ಸಿಲ್ ಹಿಡಿದು ಹೋಗುತ್ತಿದ್ದೆ. ಫೋಟೊ ಸಿಕ್ಕಿತೆಂದರೆ ಕಣ್ಣು ಸೋಮಾರಿಯಾಗುತ್ತದೆ. ನೆತ್ತಿ, ಎದೆ, ಹೊಟ್ಟೆ, ಕಾಲು, ಬಾಲ ಎಂದು ಬೇರೆಬೇರೆಯಾಗಿ ಬರೆದುಕೊಂಡೆ. ಹಾಲಕ್ಕಿಯ ನೆತ್ತಿಯ ತುಂಬ ಬಿಳಿ ಚುಕ್ಕೆ. ಫಾರೆಸ್ಟ್ ಔಲೆಟ್‌ನ ನೆತ್ತಿ ಹೆಚ್ಚುಕಡಿಮೆ ಚುಕ್ಕೆಯಿಲ್ಲದ ಕಂದು. ಎದೆಗೆ ಗಾಢ ಪಟ್ಟಿ, ಅದರ ಕೆಳಗೆ ಶುಭ್ರ ಬಿಳಿ ಹೊಟ್ಟೆ, ದಪ್ಪ ಗರಿ ಹೊದ್ದ ಕಾಲು, ಬಾಲದಲ್ಲಿ ಅಗಲವಾದ ಅಡ್ಡಪಟ್ಟೆ.

ಇಷ್ಟು ಹಟ ಯಾಕೆಂದರೆ, ಈ ಹಕ್ಕಿಯ ಚರಿತ್ರೆಯೇ ಗೊಂದಲದ್ದು. 1873ರಲ್ಲಿ ಬ್ರಿಟಿಷ್ ಅಧಿಕಾರಿ, ಪಕ್ಷಿತಜ್ಞ ಹ್ಯೂಮ್ ವಿವರಿಸಿದ ಇದು 1884ರ ನಂತರ ಕಾಣೆಯಾಯಿತು. 1914ರಲ್ಲಿ ತಾನು ಹೊಡೆದೆನೆಂದು ಬ್ರಿಟಿಷ್ ಸೇನಾಧಿಕಾರಿ, ಪಕ್ಷಿ ಸಂಗ್ರಾಹಕ ಮೈನರ್ಟ್‌ಝಾಗನ್ ತೋರಿಸಿದ ಮಾದರಿ ಸಂಗ್ರಹಾಲಯದಿಂದ ಕದ್ದು ಹೊಸ ಚೀಟಿ ಅಂಟಿಸಿದ್ದಾಗಿತ್ತು. ಅದನ್ನು ಬಯಲಿಗೆಳೆದ ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಅವರೇ 1997ರಲ್ಲಿ ಸಂಗಡಿಗರೊಂದಿಗೆ ಮಹಾರಾಷ್ಟ್ರದ ಶಹಾದಾ ಬಳಿ ಹಕ್ಕಿಯನ್ನು ಮತ್ತೆ ಕಂಡರು. ಸುಳ್ಳು ಚೀಟಿಯನ್ನು ನಂಬಿ ಹುಡುಕಿದವರ ಶ್ರಮ ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಮೇಳಘಾಟ್‌ನಲ್ಲಿ ನಾನು ಆರಿಸಿಕೊಂಡದ್ದು ಚಳಿಗಾಲದ ಬೆಳಗು. ಇದು ಹಗಲಲ್ಲೇ ಬೇಟೆಯಾಡುವ ಗೂಬೆ. ಎಲೆ ಉದುರಿದ ತೇಗದ ಕೊಂಬೆಯ ಮೇಲೆ ಬಿಸಿಲು ಕಾಯಿಸುತ್ತದೆ. ಧ್ವನಿಮುದ್ರಿಕೆ ನುಡಿಸಿ ಕರೆಸೋಣವೆಂದು ಜೊತೆಗಿದ್ದವರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಶತ್ರು ಬಂದಿದೆಯೆಂದು ಗೂಡು ಬಿಟ್ಟು ಓಡಿ ಬರುವ ಹಕ್ಕಿಯನ್ನು ನೋಡಿ ಏನು ಪುರುಷಾರ್ಥ? ಕಾದೆವು. ಬಿಸಿಲೇರಿದ ಮೇಲೆ ಕಂಡಿತು: ಬಾಲವನ್ನು ಎಡಬಲಕ್ಕೆ ಪಟಪಟನೆ ಆಡಿಸುತ್ತಿತ್ತು. ನೆತ್ತಿಯಿಂದ ಶುರುಮಾಡಿ ಒಂದೊಂದೇ ಗುರುತು ಹೊಂದಿಸಿಕೊಂಡೆ.

ಇದು ತಾನೇ ಮರ ಕೊರೆಯಲಾರದು. ಹಳೆಯ ಮರದ ಪೊಟರೆಯೇ ಬೇಕು. ಕಾಡು ಕಡಿದು ಹೊಲ ಮಾಡಿದ ಮೇಲೆ ಬೇರೆಡೆ ಎಷ್ಟು ಸಸಿ ನೆಟ್ಟರೂ ಅದರಲ್ಲಿ ಪೊಟರೆಯಾಗಲು ದಶಕಗಳೇ ಬೇಕು. ನಮ್ಮ ಹಾಲಕ್ಕಿಯ ಅಗತ್ಯವೂ ಇದೇ. ಹಾಗಾಗಿ ಬಡಾವಣೆಯಲ್ಲಿ ಒಣಮರ ಕಡಿಯಲು ಬಂದಾಗಲೆಲ್ಲ, ರಸ್ತೆಗೆ ಬಾಗಿದ ಕೊಂಬೆ ತೆಗೆದು ಬೊಡ್ಡೆಯನ್ನು ಉಳಿಸಿ ಎಂದು ಮನವಿ ಕೊಡುತ್ತೇನೆ. ಕೆಲವು ಬೊಡ್ಡೆ ಉಳಿದಿವೆ, ಹೆಚ್ಚಿನವು ಸೌದೆಯಾಗಿವೆ.